ಸರದಿ ಪಾಳಿ ಪಟ್ಟಿ

ಸರದಿ ಪಾಳಿ ಪಟ್ಟಿ ಎಂದರೆ ಒಂದೇ ಬಗೆಯ ಕೆಲಸವನ್ನು ದಿನದ ಬೇರೆ ಬೇರೆ ಅವಧಿಗಳಲ್ಲಿ ನಿರ್ವಹಿಸುವ ತಂಡಗಳು ಯಾವ ದಿನ ಯಾವ ಪಾಳಿಯಲ್ಲಿ ದುಡಿಯಬೇಕು ಮತ್ತು ಯಾವ ದಿನ ರಜೆ ಪಡೆಯಬೇಕು ಎಂಬುದನ್ನು ಮೊದಲೇ ಗೊತ್ತುಪಡಿಸುವ, ನಿಗದಿತ ದಿನಗಳಿಗೊಮ್ಮೆ ಪುನರಾವರ್ತನೆಯಾಗುವ ವೇಳಾಪಟ್ಟಿ. ಬಳಕೆಯ ಮಾತಿನಲ್ಲಿ ಇದನ್ನು ಶಿಫ್ಟ್ ಪಟ್ಟಿ, ಡ್ಯೂಟಿ ಚಾರ್ಟ್ ಅಥವಾ ರೋಸ್ಟರ್ ಎಂದು ಕರೆಯುತ್ತಾರೆ. ಉಕ್ಕಿನ ಕಾರ್ಖಾನೆ, ವಿದ್ಯುತ್ ಸ್ಥಾವರ, ಆಸ್ಪತ್ರೆ, ರೈಲ್ವೆ, ಬಸ್ ಸಾರಿಗೆ, ಕಾಲ್ ಸೆಂಟರ್ ಮುಂತಾಗಿ ಹಗಲಿರುಳು ನಡೆಯುವ ಸಂಸ್ಥೆಗಳಲ್ಲಿ ಇದು ಬಳಕೆಯಲ್ಲಿದೆ. ಸರ್ಕಾರಿ ನೇಮಕಾತಿಯಲ್ಲಿ ಅನುಸರಿಸುವ ಮೀಸಲಾತಿ ರೋಸ್ಟರ್ ಇದಕ್ಕಿಂತ ಬೇರೆಯಾದುದು.

ಭಾರತದಲ್ಲಿ ಪಾಳಿ ಪಟ್ಟಿಯ ವ್ಯಾಖ್ಯೆ ಒಂದೇ ದಾಖಲೆಯಲ್ಲಿ ಪೂರ್ಣವಾಗಿ ದೊರೆಯುವುದು ಅಪರೂಪ. ನೇಮಕಾತಿ ಪತ್ರ, ಸಂಸ್ಥೆಯ ಸ್ಥಾಯಿ ಆದೇಶಗಳು, ಕಾರ್ಮಿಕ ಸಂಘದೊಡನೆ ಆದ ಒಪ್ಪಂದ ಹಾಗೂ ಸೂಚನಾ ಫಲಕದಲ್ಲಿ ಪ್ರಕಟಿಸುವ ಕೆಲಸದ ಅವಧಿಗಳ ಸೂಚನೆ ಇವೆಲ್ಲವೂ ಸೇರಿ ಅದನ್ನು ರೂಪಿಸುತ್ತವೆ. ಈ ದಾಖಲೆಗಳ ಆಧಾರದಿಂದ ಕಾರ್ಮಿಕನು ಮುಂದಿನ ಯಾವುದೇ ದಿನದ ತನ್ನ ಪಾಳಿಯನ್ನು ತಾನೇ ತಿಳಿದುಕೊಳ್ಳಲು ಸಾಧ್ಯವಾಗಬೇಕು ಎಂಬುದು ಕಾರ್ಖಾನೆಗಳ ಕಾಯಿದೆ, 1948 ಮುಂದಿಟ್ಟ ಮುಖ್ಯ ಅಳತೆಗೋಲು.

## ವ್ಯಾಖ್ಯೆ

ಕಾರ್ಖಾನೆಗಳ ಕಾಯಿದೆಯ ಕಲಂ 2(ಆರ್) ಪ್ರಕಾರ, ಒಂದೇ ಬಗೆಯ ಕೆಲಸವನ್ನು ಎರಡು ಅಥವಾ ಹೆಚ್ಚು ಕಾರ್ಮಿಕರ ತಂಡಗಳು ದಿನದ ಬೇರೆ ಬೇರೆ ಅವಧಿಗಳಲ್ಲಿ ಮಾಡುವಾಗ ಅಂತಹ ಪ್ರತಿಯೊಂದು ತಂಡವು 'ಗುಂಪು' ಅಥವಾ 'ರಿಲೇ' ಎನಿಸುತ್ತದೆ. ಅಂತಹ ಪ್ರತಿಯೊಂದು ಅವಧಿಯು 'ಪಾಳಿ' ಎನಿಸುತ್ತದೆ. ಹೀಗೆ ಕಾನೂನಿನ ದೃಷ್ಟಿಯಲ್ಲಿ ಪಾಳಿ ಎಂಬುದು ಕಾಲಾವಧಿ, ರಿಲೇ ಎಂಬುದು ಜನರ ತಂಡ. ಇವೆರಡನ್ನೂ ಜೋಡಿಸುವ ಸೂತ್ರವೇ ಪಾಳಿ ಪಟ್ಟಿ.

ಕಲಂ 61 ಪಾಳಿ ವ್ಯವಸ್ಥೆಗಳಲ್ಲಿ ಎರಡು ಬಗೆಗಳನ್ನು ಗುರುತಿಸುತ್ತದೆ.

* ಸ್ಥಿರ ಪಾಳಿ: ತಂಡದ ಪಾಳಿ ನಿಗದಿತ ಕಾಲಕ್ಕೆ ಬದಲಾಗುವುದಿಲ್ಲ. ಇಲ್ಲಿ ಪ್ರತಿ ತಂಡದ ಕೆಲಸದ ಅವಧಿಯನ್ನು ಕಾರ್ಖಾನೆಯ ವ್ಯವಸ್ಥಾಪಕರು ಗೊತ್ತುಪಡಿಸಿದರೆ ಸಾಕು.
* ಸರದಿ ಪಾಳಿ: ಮೊದಲೇ ನಿರ್ಧರಿಸಿದ ಕ್ರಮದಂತೆ ತಂಡಗಳ ಪಾಳಿ ಕಾಲಕಾಲಕ್ಕೆ ಬದಲಾಗುತ್ತದೆ. ಇಲ್ಲಿ ವ್ಯವಸ್ಥಾಪಕರು ಒಂದು ಪಾಳಿ ಯೋಜನೆಯನ್ನು ಸಿದ್ಧಪಡಿಸಬೇಕು. ಯಾವುದೇ ದಿನ ಒಂದು ತಂಡದ ಕೆಲಸದ ಅವಧಿ ಯಾವುದು, ದಿನದ ಯಾವುದೇ ಹೊತ್ತಿನಲ್ಲಿ ಕೆಲಸದಲ್ಲಿರುವ ತಂಡ ಯಾವುದು ಎಂಬುದು ಆ ಯೋಜನೆಯಿಂದ ತಿಳಿಯುವಂತಿರಬೇಕು.

ಕಲಂ 62ರ ಪ್ರಕಾರ ವಯಸ್ಕ ಕಾರ್ಮಿಕರ ನೋಂದಣಿ ಪುಸ್ತಕದಲ್ಲಿ ಪ್ರತಿ ಕಾರ್ಮಿಕನ ಹೆಸರಿನ ಮುಂದೆ ಅವನು ಸೇರಿದ ಗುಂಪು ಮತ್ತು ರಿಲೇಯನ್ನು ನಮೂದಿಸಬೇಕು. ಸೂಚನೆಗೂ ನೋಂದಣಿ ಪುಸ್ತಕದಲ್ಲಿ ಮುಂಚಿತವಾಗಿ ಮಾಡಿದ ನಮೂದಿಗೂ ಹೊರತಾಗಿ ಯಾರಿಂದಲೂ ಕೆಲಸ ಮಾಡಿಸಬಾರದು, ಕೆಲಸ ಮಾಡಲು ಬಿಡಲೂಬಾರದು ಎಂದು ಕಲಂ 63 ವಿಧಿಸುತ್ತದೆ. ಕಾರ್ಮಿಕರು ತಮ್ಮೊಳಗೆ ಪಾಳಿ ಅದಲುಬದಲು ಮಾಡಿಕೊಳ್ಳುವಾಗಲೂ ಪುಸ್ತಕದ ನಮೂದನ್ನು ಮೊದಲೇ ತಿದ್ದಬೇಕಾಗುವುದು ಇದೇ ಕಾರಣದಿಂದ.

## ಹಿನ್ನೆಲೆ

ಭಾರತದಲ್ಲಿ ಕೆಲಸದ ಸಮಯದ ಮಿತಿ ಹಂತಹಂತವಾಗಿ ಇಳಿದಿದೆ. 1922ರ ತಿದ್ದುಪಡಿ ಕಾರ್ಖಾನೆಗಳಲ್ಲಿ ವಾರಕ್ಕೆ 60 ಗಂಟೆಗಳ ಮಿತಿಯನ್ನು ತಂದಿತು. ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 1934ರ ಕಾಯಿದೆ ಅದನ್ನು 54 ಗಂಟೆಗಳಿಗೆ, 1946ರ ತಿದ್ದುಪಡಿ 48 ಗಂಟೆಗಳಿಗೆ ಇಳಿಸಿತು. 1948ರ ಕಾಯಿದೆ ಈ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡಿತು.

ಮಿತಿಯನ್ನು ಗೊತ್ತುಪಡಿಸುವುದಕ್ಕಿಂತ ಅದರ ಪಾಲನೆಯನ್ನು ಪರಿಶೀಲಿಸುವುದು ಕಷ್ಟವಾಗಿತ್ತು. ಬಂಗಾಳದ ಸೆಣಬಿನ ಗಿರಣಿಗಳಲ್ಲಿ ತಂಡಗಳ ಅವಧಿಗಳು ಒಂದರ ಮೇಲೊಂದು ಹಾಯುವ ಬಹುಪಾಳಿ ಪದ್ಧತಿಯಿತ್ತು. ಯಂತ್ರದ ಮುಂದೆ ನಿಂತಿರುವ ಕಾರ್ಮಿಕ ತನ್ನ ಸರದಿಯಲ್ಲಿದ್ದಾನೆಯೇ ಅಥವಾ ಮಿತಿ ಮೀರಿ ದುಡಿಯುತ್ತಿದ್ದಾನೆಯೇ ಎಂಬುದನ್ನು ಇಂತಹ ಪದ್ಧತಿಯಲ್ಲಿ ಪರಿವೀಕ್ಷಕರು ಕಂಡುಹಿಡಿಯುವುದು ದುಸ್ತರ. 1931ರಲ್ಲಿ ವರದಿ ನೀಡಿದ, ವಿಟ್ಲಿ ಆಯೋಗವೆಂದೂ ಹೆಸರಾದ ಭಾರತದ ಕಾರ್ಮಿಕರ ಕುರಿತ ರಾಯಲ್ ಆಯೋಗ ಈ ಪದ್ಧತಿಯನ್ನು ಟೀಕಿಸಿತು. ಒಂದೇ ಬಗೆಯ ಕೆಲಸದಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ರಿಲೇಗಳು ತೊಡಗುವಂತೆ ಪಾಳಿಗಳನ್ನು ಏರ್ಪಡಿಸಬಾರದು ಎಂಬುದು 1948ರ ಕಾಯಿದೆಯ ಕಲಂ 58ರ ನಿಯಮವಾಯಿತು.

## ತಂಡಗಳ ಲೆಕ್ಕ

ಒಂದು ವಾರದಲ್ಲಿ 168 ಗಂಟೆಗಳಿವೆ. ದಿನಕ್ಕೆ 8 ಗಂಟೆಗಳ ಮೂರು ಪಾಳಿಗಳಂತೆ ವಾರಕ್ಕೆ 21 ಪಾಳಿಗಳಾಗುತ್ತವೆ. 48 ಗಂಟೆಗಳ ಮಿತಿಯೊಳಗೆ ಒಬ್ಬ ಕಾರ್ಮಿಕ ವಾರಕ್ಕೆ 6 ಪಾಳಿಗಳನ್ನು ಮಾತ್ರ ನಿರ್ವಹಿಸಬಹುದು. ಆದುದರಿಂದ ಮೂರು ತಂಡಗಳು 18 ಪಾಳಿಗಳನ್ನು ತುಂಬುತ್ತವೆ. 3 ಪಾಳಿಗಳು ಉಳಿಯುತ್ತವೆ. ಈ ಕೊರತೆಯನ್ನು ನಿಭಾಯಿಸಲು ಮೂರು ಮಾರ್ಗಗಳು ರೂಢಿಯಲ್ಲಿವೆ.

* ಮೂರು ತಂಡ, ವಾರಕ್ಕೊಂದು ದಿನ ಸ್ಥಗಿತ: ಭಾನುವಾರ ಇಡೀ ಕಾರ್ಖಾನೆಗೆ ರಜೆ. ಪ್ರತಿ ವಾರ ತಂಡಗಳ ಪಾಳಿ ಬದಲಾಗಿ 21 ದಿನಗಳಲ್ಲಿ ಒಂದು ಚಕ್ರ ಪೂರ್ಣಗೊಳ್ಳುತ್ತದೆ.
* ಮೂರು ತಂಡ ಮತ್ತು ಬದಲಿ ಕಾರ್ಮಿಕರು: ಕಾರ್ಮಿಕರ ವಾರದ ರಜೆಗಳನ್ನು ಬೇರೆ ಬೇರೆ ದಿನಗಳಿಗೆ ಹಂಚಲಾಗುತ್ತದೆ. ಒಂದು ಸ್ಥಾನದಲ್ಲಿ ಉಳಿಯುವುದು ವಾರಕ್ಕೆ 3 ಪಾಳಿಗಳಾದ್ದರಿಂದ ಒಬ್ಬ ರಿಲೀವರ್ ಎರಡು ಸ್ಥಾನಗಳನ್ನು ನೋಡಿಕೊಳ್ಳಬಹುದು. ಅಂದರೆ ಪ್ರತಿ ಸ್ಥಾನಕ್ಕೆ ಮೂರೂವರೆ ಜನ ಬೇಕಾಗುತ್ತಾರೆ. ಗಳಿಕೆ ರಜೆ, ಕಾಯಿಲೆ ರಜೆಗಳಿಗೆ ಬೇಕಾಗುವ ಜನ ಇದಕ್ಕೆ ಹೊರತು.
* ನಾಲ್ಕು ತಂಡ: ಪ್ರತಿ ತಂಡದ ಪಾಲಿಗೆ ವಾರಕ್ಕೆ ಸರಾಸರಿ 42 ಗಂಟೆಗಳು ಬರುತ್ತವೆ. ಊದುಕುಲುಮೆಯಂತೆ ಬೇಕೆಂದಾಗ ನಿಲ್ಲಿಸಲಾಗದ ಕೆಲಸಗಳಿಗೆ ಈ ಕ್ರಮ ಹೊಂದುತ್ತದೆ.

ಪಟ್ಟಿಯಲ್ಲಿ ಸಾಕಷ್ಟು ಜನರಿಲ್ಲದಿದ್ದರೆ ಕೊರತೆಯು ಓವರ್‌ಟೈಮ್ ಆಗಿ ಅಥವಾ ಕೈತಪ್ಪಿದ ರಜೆಯಾಗಿ ಕಾರ್ಮಿಕರ ಮೇಲೆ ಬೀಳುತ್ತದೆ. ಆ ಕಾರಣ ಪಾಳಿಗಳ ಕುರಿತ ಮಾತುಕತೆಗಳಲ್ಲಿ ತಂಡಗಳ ಸಂಖ್ಯೆಯೂ ಚರ್ಚೆಯ ವಿಷಯವಾಗುತ್ತದೆ.

## ಒಪ್ಪಂದದಲ್ಲಿ ಇರಬೇಕಾದ ಅಂಶಗಳು

ಸರದಿ ಪಟ್ಟಿಯೊಂದು ಸಂದಿಗ್ಧಕ್ಕೆ ಎಡೆಗೊಡದಂತೆ ಇರಬೇಕಾದರೆ ಈ ಕೆಳಗಿನ ಅಂಶಗಳು ಬರಹದಲ್ಲಿರಬೇಕಾಗುತ್ತದೆ.

* ಪಾಳಿಗಳ ಸಮಯ: ಪ್ರತಿ ಪಾಳಿಯ ಆರಂಭ, ಅಂತ್ಯ ಮತ್ತು ನಡುವಿನ ವಿರಾಮ. 1948ರ ಕಾಯಿದೆಯಂತೆ ಸಾಮಾನ್ಯವಾಗಿ 5 ಗಂಟೆ ದುಡಿಯುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿರಾಮ ದೊರೆಯಬೇಕು.
* ಚಕ್ರದ ಉದ್ದ: ಎಷ್ಟು ದಿನಗಳಿಗೊಮ್ಮೆ ಪಟ್ಟಿ ಮೊದಲಿನಿಂದ ಆರಂಭವಾಗುತ್ತದೆ ಎಂಬುದು.
* ಆರಂಭದ ದಿನಾಂಕ: ಚಕ್ರದ ಮೊದಲ ದಿನ ಯಾವ ತಾರೀಖು ಎಂಬುದು. ಇದು ಇಲ್ಲದಿದ್ದರೆ ಚಕ್ರ ಎಷ್ಟೇ ಸ್ಪಷ್ಟವಾಗಿದ್ದರೂ ನಿರ್ದಿಷ್ಟ ದಿನದ ಪಾಳಿಯನ್ನು ಹೇಳಲಾಗದು.
* ತಂಡ: ಕಾರ್ಮಿಕನು ಯಾವ ತಂಡಕ್ಕೆ ಸೇರಿದವನು, ತಂಡ ಬದಲಾದಾಗ ನಡುವಿನ ದಿನಗಳ ಲೆಕ್ಕ ಹೇಗೆ ಎಂಬುದು.
* ಸರದಿಯ ದಿಕ್ಕು: ಬೆಳಗಿನ ಪಾಳಿಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಸಾಗುವುದು ಮುಮ್ಮುಖ ಸರದಿ, ಅದರ ವಿರುದ್ಧ ಕ್ರಮ ಹಿಮ್ಮುಖ ಸರದಿ. ರಜೆಯಿಲ್ಲದೆ ಹಿಮ್ಮುಖವಾಗಿ ಬದಲಾಗುವಾಗ, ರಾತ್ರಿ 10ಕ್ಕೆ ಕೆಲಸ ಬಿಟ್ಟವನು ಮರುದಿನ ಬೆಳಗ್ಗೆ 6ಕ್ಕೆ ಮರಳಬೇಕಾಗುತ್ತದೆ. ಮನೆಗೆ ಹೋಗಿ ಬರುವ ಸಮಯವೂ ಸೇರಿ ಅವನಿಗೆ ದೊರೆಯುವುದು 8 ಗಂಟೆ ಮಾತ್ರ.
* ರಜೆಯ ಸ್ಥಾನ: ವಾರದ ರಜೆ ಚಕ್ರದ ಯಾವ ದಿನ ಬರುತ್ತದೆ ಎಂಬುದು.
* ಹೆಚ್ಚುವರಿ ಕೆಲಸ ಮತ್ತು ಭತ್ಯೆ: ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆಗಳನ್ನು ಮೀರಿದ ಕೆಲಸಕ್ಕೆ ಎರಡು ಪಟ್ಟು ದರದ ವೇತನವನ್ನು 1948ರ ಕಾಯಿದೆಯೇ ವಿಧಿಸಿದೆ. ರಾತ್ರಿ ಪಾಳಿ ಭತ್ಯೆಯನ್ನು ಅದು ವಿಧಿಸಿಲ್ಲ. ಅದು ಒಪ್ಪಂದದಲ್ಲಿದ್ದರೆ ಮಾತ್ರ ದೊರೆಯುತ್ತದೆ.
* ಬದಲಾವಣೆಯ ವಿಧಾನ: ಪಟ್ಟಿಯನ್ನು ಯಾರು, ಎಷ್ಟು ದಿನಗಳ ಮುನ್ಸೂಚನೆಯೊಡನೆ ಬದಲಿಸಬಹುದು ಎಂಬುದು.

## ಉದಾಹರಣೆ: ಎಂಟು ದಿನಗಳ ಚಕ್ರ

ನಾಲ್ಕು ತಂಡಗಳ ಸರಳ ಪಟ್ಟಿಯೊಂದನ್ನು ಕೆಳಗೆ ನೀಡಿದೆ. ಬೆಳಗಿನ ಪಾಳಿ 6ರಿಂದ 2, ಮಧ್ಯಾಹ್ನದ ಪಾಳಿ 2ರಿಂದ ರಾತ್ರಿ 10, ರಾತ್ರಿ ಪಾಳಿ 10ರಿಂದ ಮರುದಿನ ಬೆಳಗ್ಗೆ 6 ಎಂದು ಭಾವಿಸಲಾಗಿದೆ.

| ಚಕ್ರದ ದಿನ | ಕ ತಂಡ | ಖ ತಂಡ | ಗ ತಂಡ | ಘ ತಂಡ |
|---|---|---|---|---|
| 1, 2 | ಬೆಳಗ್ಗೆ | ಮಧ್ಯಾಹ್ನ | ರಾತ್ರಿ | ರಜೆ |
| 3, 4 | ಮಧ್ಯಾಹ್ನ | ರಾತ್ರಿ | ರಜೆ | ಬೆಳಗ್ಗೆ |
| 5, 6 | ರಾತ್ರಿ | ರಜೆ | ಬೆಳಗ್ಗೆ | ಮಧ್ಯಾಹ್ನ |
| 7, 8 | ರಜೆ | ಬೆಳಗ್ಗೆ | ಮಧ್ಯಾಹ್ನ | ರಾತ್ರಿ |

ಪ್ರತಿ ತಂಡ 8 ದಿನಗಳಲ್ಲಿ 6 ಪಾಳಿ, ಅಂದರೆ 48 ಗಂಟೆ ದುಡಿಯುತ್ತದೆ. ವಾರದ ಸರಾಸರಿ 42 ಗಂಟೆ. ಯಾವುದೇ ಏಳು ದಿನಗಳನ್ನು ತೆಗೆದುಕೊಂಡರೂ 6ಕ್ಕಿಂತ ಹೆಚ್ಚು ಪಾಳಿಗಳು ಬಾರವು. ಆರಂಭದ ದಿನಾಂಕ ಗೊತ್ತಿದ್ದರೆ ಮುಂದಿನ ಯಾವುದೇ ದಿನದ ಪಾಳಿಯನ್ನು ಲೆಕ್ಕ ಹಾಕಬಹುದು: ಕಳೆದ ದಿನಗಳನ್ನು 8ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸಿದರೆ ಚಕ್ರದ ದಿನ ದೊರೆಯುತ್ತದೆ. ಚಕ್ರ ಆರಂಭವಾಗಿ 100 ದಿನ ಕಳೆದಿದ್ದರೆ ಶೇಷ 4. ಅದು ಚಕ್ರದ 5ನೆಯ ದಿನ. ಅಂದು ಕ ತಂಡಕ್ಕೆ ರಾತ್ರಿ ಪಾಳಿ, ಖ ತಂಡಕ್ಕೆ ರಜೆ.

ಇದೇ ಪಟ್ಟಿ ಕುಟುಂಬ ಜೀವನದ ಮೇಲೆ ಬೀರುವ ಪರಿಣಾಮವನ್ನೂ ತೋರಿಸುತ್ತದೆ. ವಾರಕ್ಕೆ 7 ದಿನ, ಚಕ್ರಕ್ಕೆ 8 ದಿನ ಇರುವುದರಿಂದ ರಜೆ ಪ್ರತಿ ಬಾರಿ ಒಂದು ವಾರದಿನ ಮುಂದೆ ಸರಿಯುತ್ತದೆ. 56 ದಿನಗಳಲ್ಲಿ 14 ರಜಾದಿನಗಳು ದೊರೆತರೂ ಅವುಗಳಲ್ಲಿ ಭಾನುವಾರಗಳು ಎರಡು ಮಾತ್ರ. ಭಾನುವಾರ ಸ್ಥಗಿತಗೊಳ್ಳುವ ಮೂರು ತಂಡಗಳ ಪದ್ಧತಿಯಲ್ಲಿ ಇದೇ ಅವಧಿಗೆ ರಜೆಗಳು 8 ಮಾತ್ರವಾದರೂ ಎಂಟೂ ಭಾನುವಾರಗಳೇ ಆಗಿರುತ್ತವೆ.

## ರಾತ್ರಿ ಪಾಳಿ ಮತ್ತು ವಾರದ ರಜೆ

1948ರ ಕಾಯಿದೆಯಲ್ಲಿ 'ದಿನ' ಎಂದರೆ ಮಧ್ಯರಾತ್ರಿಯಿಂದ ಆರಂಭವಾಗುವ 24 ಗಂಟೆ. ಈ ವ್ಯಾಖ್ಯೆಯನ್ನು ಹಾಗೆಯೇ ಅನ್ವಯಿಸಿದರೆ ರಾತ್ರಿ ಪಾಳಿಯೊಂದು ಎರಡು ದಿನಗಳಾಗಿ ಒಡೆಯುತ್ತದೆ. ಬೆಳಗ್ಗೆ 6ಕ್ಕೆ ಕೆಲಸ ಬಿಟ್ಟ ದಿನವನ್ನೇ ರಜೆಯೆಂದು ತೋರಿಸುವ ಅವಕಾಶವೂ ಉಂಟಾಗುತ್ತದೆ. ಇದನ್ನು ತಪ್ಪಿಸಲು ಕಲಂ 57 ವಿಶೇಷ ನಿಯಮ ನೀಡಿದೆ. ಪಾಳಿ ಮಧ್ಯರಾತ್ರಿಯನ್ನು ದಾಟಿದರೆ, ಪೂರ್ಣ ದಿನದ ರಜೆ ಎಂದರೆ ಪಾಳಿ ಮುಗಿದ ಕ್ಷಣದಿಂದ ನಿರಂತರ 24 ಗಂಟೆ. ಮಧ್ಯರಾತ್ರಿಯ ನಂತರದ ಕೆಲಸದ ಗಂಟೆಗಳು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತವೆ. ಮೇಲಿನ ಉದಾಹರಣೆಯಲ್ಲಿ ಕ ತಂಡದ ರಜೆ ಏಳನೆಯ ದಿನ ಬೆಳಗ್ಗೆ 6ಕ್ಕೆ ಆರಂಭವಾಗಿ 48 ಗಂಟೆ ಇರುತ್ತದೆ.

ವಾರದ ಮೊದಲ ದಿನದ ರಜೆಗೆ ಬದಲಾಗಿ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಬೇರೊಂದು ದಿನ ರಜೆ ನೀಡಬಹುದು. ಆದರೆ ಪೂರ್ಣ ದಿನದ ರಜೆಯಿಲ್ಲದೆ ಸತತ 10 ದಿನಗಳಿಗಿಂತ ಹೆಚ್ಚು ಕೆಲಸ ಬರುವಂತೆ ಹಾಗೆ ಮಾಡಬಾರದು ಎಂಬುದು ಕಲಂ 52ರ ಮಿತಿ.

ಬದಲಿ ಬಾರದಿದ್ದಾಗ ಹಿಂದಿನ ಪಾಳಿಯವನೇ ಮುಂದುವರಿಯುವ 'ಡಬಲ್ ಡ್ಯೂಟಿ'ಯನ್ನೂ ಕಾಯಿದೆ ಗಮನಿಸಿದೆ. ವಿನಾಯಿತಿ ನಿಯಮಗಳಡಿಯಲ್ಲಿಯೂ ಒಂದು ದಿನದ ಒಟ್ಟು ಕೆಲಸ 10 ಗಂಟೆ ಮೀರಬಾರದು ಎಂಬುದು ಕಲಂ 64ರ ಸಾಮಾನ್ಯ ಮಿತಿ. ತಾಂತ್ರಿಕ ಕಾರಣಗಳಿಂದ ನಿರಂತರವಾಗಿ ನಡೆಯಲೇಬೇಕಾದ ಕೆಲಸಗಳಲ್ಲಿ, ಗೈರುಹಾಜರಾದವನ ಬದಲಿಗೆ ಪಾಳಿ ಕಾರ್ಮಿಕನು ಮುಂದಿನ ಪಾಳಿಯನ್ನು ಪೂರ್ಣವಾಗಿ ಅಥವಾ ಭಾಗಶಃ ನಿರ್ವಹಿಸಲು ರಾಜ್ಯ ಸರ್ಕಾರ ನಿಯಮ ರೂಪಿಸಬಹುದು.

## ದಾಖಲೆಗಳು ಮತ್ತು ಅವುಗಳ ಬಲ

ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯಿದೆ, 1946ರ ಅನುಸೂಚಿಯಲ್ಲಿ ಪಾಳಿ ಕೆಲಸವು ಪ್ರತ್ಯೇಕ ವಿಷಯವಾಗಿ ಸೇರಿದೆ. ಕೇಂದ್ರ ಸರ್ಕಾರದ ಮಾದರಿ ಸ್ಥಾಯಿ ಆದೇಶಗಳ ಪ್ರಕಾರ ಪ್ರತಿ ಪಾಳಿಯ ಕೆಲಸದ ಅವಧಿಯನ್ನು ಇಂಗ್ಲಿಷಿನಲ್ಲಿಯೂ ಕಾರ್ಮಿಕರ ಪ್ರಧಾನ ಭಾಷೆಯಲ್ಲಿಯೂ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಒಂದಕ್ಕಿಂತ ಹೆಚ್ಚು ಪಾಳಿ ನಡೆಸುವುದು ಮಾಲೀಕರ ವಿವೇಚನೆಗೆ ಸೇರಿದ್ದು. ಕಾರ್ಮಿಕರನ್ನು ಒಂದು ಪಾಳಿಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಆದರೆ ಬಾಧಿತ ಕಾರ್ಮಿಕರೊಡನೆ ಒಪ್ಪಂದವಿಲ್ಲದಿದ್ದರೆ, ಎರಡು ತಿಂಗಳ ಲಿಖಿತ ಸೂಚನೆ ನೀಡದೆ ಪಾಳಿ ಕೆಲಸವನ್ನು ನಿಲ್ಲಿಸುವಂತಿಲ್ಲ.

ನೇಮಕಾತಿ ಪತ್ರದ ಷರತ್ತು ಪ್ರಮಾಣೀಕೃತ ಸ್ಥಾಯಿ ಆದೇಶಕ್ಕೆ ವಿರುದ್ಧವಾಗಿದ್ದರೆ ಸ್ಥಾಯಿ ಆದೇಶವೇ ಊರ್ಜಿತವಾಗುತ್ತದೆ. ಪರೀಕ್ಷಾರ್ಥ ಸೇವೆಗೆ ಸಂಬಂಧಿಸಿದ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿ ಪ್ರಕರಣದಲ್ಲಿ (1973) ಸರ್ವೋಚ್ಚ ನ್ಯಾಯಾಲಯ ಈ ತತ್ತ್ವವನ್ನು ಎತ್ತಿಹಿಡಿಯಿತು.

## ಪಟ್ಟಿಯ ಬದಲಾವಣೆ

ಪಟ್ಟಿಯ ಒಳಗೆ ಆಗುವ ಬದಲಾವಣೆ ಮತ್ತು ಪಟ್ಟಿಯನ್ನೇ ಬದಲಿಸುವುದು ಇವೆರಡೂ ಬೇರೆ ಬೇರೆ. ಚಕ್ರದ ಕ್ರಮದಂತೆ ಬೆಳಗಿನ ಪಾಳಿಯಿಂದ ರಾತ್ರಿ ಪಾಳಿಗೆ ಹೋಗುವುದು ಸೇವಾ ಷರತ್ತಿನ ಪಾಲನೆಯೇ ಹೊರತು ಅದರ ಬದಲಾವಣೆಯಲ್ಲ. ಚಕ್ರವನ್ನು, ಕೆಲಸದ ಗಂಟೆಗಳನ್ನು ಅಥವಾ ರಜೆಯ ದಿನವನ್ನು ಬದಲಿಸಿದಾಗ ಸೇವಾ ಷರತ್ತಿನ ಪ್ರಶ್ನೆ ಏಳುತ್ತದೆ.

ಕೈಗಾರಿಕಾ ವಿವಾದಗಳ ಕಾಯಿದೆ, 1947ರ ಕಲಂ 9ಎ ಪ್ರಕಾರ, ನಾಲ್ಕನೆಯ ಅನುಸೂಚಿಯ ವಿಷಯಗಳಲ್ಲಿ ಬದಲಾವಣೆ ತರುವ ಮೊದಲು ಮಾಲೀಕರು ಸೂಚನೆ ನೀಡಿ 21 ದಿನ ಕಾಯಬೇಕು. ಕೆಲಸದ ಗಂಟೆಗಳು ಮತ್ತು ವಿರಾಮ, ವೇತನಸಹಿತ ರಜೆ ಮತ್ತು ರಜಾದಿನಗಳು ಹಾಗೂ ಸ್ಥಾಯಿ ಆದೇಶಗಳಿಗೆ ಹೊರತಾಗಿ ಪಾಳಿ ಕೆಲಸವನ್ನು ಆರಂಭಿಸುವುದು, ಬದಲಿಸುವುದು, ನಿಲ್ಲಿಸುವುದು ಆ ಅನುಸೂಚಿಯಲ್ಲಿವೆ. ಬದಲಾವಣೆಯು ಒಪ್ಪಂದ ಅಥವಾ ತೀರ್ಪಿನ ಅನುಸಾರವಾಗಿದ್ದರೆ ಈ ಸೂಚನೆ ಬೇಕಿಲ್ಲ. ಟಾಟಾ ಐರನ್ ಅಂಡ್ ಸ್ಟೀಲ್ ಕಂಪನಿ ಮತ್ತು ಅದರ ಕಾರ್ಮಿಕರ ನಡುವಿನ ಪ್ರಕರಣದಲ್ಲಿ (1972), ವಾರದ ವಿರಾಮವನ್ನು ಭಾನುವಾರದಿಂದ ಬೇರೆ ದಿನಕ್ಕೆ ಬದಲಿಸಲು ಕಲಂ 9ಎ ಅಡಿಯ ಸೂಚನೆ ಅಗತ್ಯವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಕೆಲಸದ ಒಟ್ಟು ಗಂಟೆಗಳು ಹೆಚ್ಚದಿದ್ದರೂ ರಜೆಯ ದಿನ ಬದಲಾಗುವುದು ಕಾರ್ಮಿಕರಿಗೆ ಮಹತ್ವದ ವಿಷಯ ಎಂಬುದನ್ನು ಈ ತೀರ್ಪು ಸ್ಪಷ್ಟಪಡಿಸುತ್ತದೆ.

ಇದಲ್ಲದೆ, ಕಾರ್ಖಾನೆಗಳ ಕಾಯಿದೆಯ ಕಲಂ 61ರಂತೆ ಸೂಚನೆಯ ತಿದ್ದುಪಡಿಗೆ ಕಾರಣವಾಗುವ ಯಾವುದೇ ಬದಲಾವಣೆಯನ್ನು ಮೊದಲೇ ಪರಿವೀಕ್ಷಕರಿಗೆ ತಿಳಿಸಬೇಕು. ಅವರ ಪೂರ್ವಾನುಮತಿ ಇಲ್ಲದೆ, ಹಿಂದಿನ ಬದಲಾವಣೆಯಾಗಿ ಒಂದು ವಾರ ಕಳೆಯುವ ಮುನ್ನ ಮತ್ತೊಂದು ಬದಲಾವಣೆ ಮಾಡುವಂತಿಲ್ಲ.

## ಸಾರಿಗೆ ಕ್ಷೇತ್ರ

ರೈಲ್ವೆ ನೌಕರರ ರೋಸ್ಟರ್‌ಗಳಿಗೆ ರೈಲ್ವೆ ಕಾಯಿದೆ, 1989 ಆಧಾರ. ಅದರ ಕಲಂ 132 ಕೆಲಸದ ತೀವ್ರತೆಯನ್ನು ಅನುಸರಿಸಿ ಮಿತಿ ಗೊತ್ತುಪಡಿಸಿದೆ: ಎರಡು ವಾರಗಳ ಸರಾಸರಿಯಲ್ಲಿ ತೀವ್ರ ವರ್ಗಕ್ಕೆ ವಾರಕ್ಕೆ 45 ಗಂಟೆ, ನಿರಂತರ ವರ್ಗಕ್ಕೆ 54 ಗಂಟೆ, ನಡುನಡುವೆ ಬಿಡುವಿರುವ ಮಧ್ಯಂತರ ವರ್ಗಕ್ಕೆ ಯಾವುದೇ ವಾರದಲ್ಲಿ 75 ಗಂಟೆ. ತೀವ್ರ ಮತ್ತು ನಿರಂತರ ವರ್ಗಗಳ ನೌಕರರಿಗೆ ವಾರಕ್ಕೊಮ್ಮೆ ಸತತ 30 ಗಂಟೆಗಳ ವಿಶ್ರಾಂತಿ ದೊರೆಯಬೇಕು.

ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ, 1961 ಒಂದು ದಿನದ ಕೆಲಸದ ಅಂತ್ಯಕ್ಕೂ ಮರುದಿನದ ಕೆಲಸದ ಆರಂಭಕ್ಕೂ ನಡುವೆ ಸಾಮಾನ್ಯವಾಗಿ ಕನಿಷ್ಠ 9 ಗಂಟೆಗಳ ಸತತ ವಿಶ್ರಾಂತಿಯನ್ನು ವಿಧಿಸಿತು. ಎರಡು ಪಾಳಿಗಳ ನಡುವಿನ ಇಂತಹ ಕನಿಷ್ಠ ವಿಶ್ರಾಂತಿಯನ್ನು ಕಾರ್ಖಾನೆಗಳ ಕಾಯಿದೆ ವಯಸ್ಕ ಕಾರ್ಮಿಕರಿಗೆ ಪ್ರತ್ಯೇಕವಾಗಿ ಹೇಳಿರಲಿಲ್ಲ. ಆದುದರಿಂದ ಕಾರ್ಖಾನೆಗಳಲ್ಲಿ ಈ ರಕ್ಷಣೆಗೆ ಒಪ್ಪಂದದ ಷರತ್ತೇ ಮುಖ್ಯ ಆಧಾರವಾಗಿತ್ತು.

## ಕರ್ನಾಟಕದಲ್ಲಿ

ಕಾರ್ಖಾನೆಗಳ ಕಾಯಿದೆಗೆ ಕರ್ನಾಟಕ 2023ರಲ್ಲಿ ತಿದ್ದುಪಡಿ ತಂದಿತು. ವಾರದ ಮಿತಿ 48 ಗಂಟೆಯಾಗಿ ಉಳಿದು, ಕಾರ್ಮಿಕರ ಲಿಖಿತ ಒಪ್ಪಿಗೆಯೊಡನೆ ದಿನದ ಕೆಲಸವನ್ನು 12 ಗಂಟೆಗಳವರೆಗೆ ವಿಸ್ತರಿಸಲು ಅದು ಅವಕಾಶ ನೀಡಿತು. ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನೂ ಏರಿಸಿತು. ಸುರಕ್ಷತೆ, ಸಾರಿಗೆ ಮುಂತಾದ ಷರತ್ತುಗಳೊಡನೆ ಮಹಿಳೆಯರ ರಾತ್ರಿ ಪಾಳಿಗೂ ಅನುವು ಮಾಡಿತು.

ಮಾಹಿತಿ ತಂತ್ರಜ್ಞಾನ ಮತ್ತು ಅದನ್ನು ಆಧರಿಸಿದ ಸೇವೆಗಳ ಸಂಸ್ಥೆಗಳಿಗೆ ರಾಜ್ಯ ಸರ್ಕಾರ 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದ ಷರತ್ತುಬದ್ಧ ವಿನಾಯಿತಿಯನ್ನು ನೀಡುತ್ತಾ ಬಂದಿತು. ಸ್ಥಾಯಿ ಆದೇಶಗಳಿಲ್ಲದ ಸಂಸ್ಥೆಯಲ್ಲಿ ನೇಮಕಾತಿ ಪತ್ರದ ಪದಗಳಿಗೆ ಹೆಚ್ಚಿನ ತೂಕವಿದೆ. ಸಂಸ್ಥೆ ಕಾಲಕಾಲಕ್ಕೆ ನಿರ್ಧರಿಸುವ ಯಾವುದೇ ಪಾಳಿಯಲ್ಲಿ ದುಡಿಯಬೇಕು ಎಂಬ ಸಾಮಾನ್ಯ ಷರತ್ತು ಪಾಳಿ ಕೆಲಸಕ್ಕೆ ಒಪ್ಪಿಗೆಯನ್ನು ಸೂಚಿಸುತ್ತದೆಯಾದರೂ ಸರದಿಯನ್ನು ವ್ಯಾಖ್ಯಾನಿಸುವುದಿಲ್ಲ. ಅದರಿಂದ ಮುಂದಿನ ವಾರದ ಪಾಳಿಯನ್ನು ತಿಳಿಯಲಾಗದು.

## 2020ರ ಕಾರ್ಮಿಕ ಸಂಹಿತೆಗಳು

ಮೇಲೆ ಹೇಳಿದ 1946, 1947, 1948ರ ಕಾಯಿದೆಗಳು ಮತ್ತು ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ವಿಷಯಗಳನ್ನು 2020ರ ಎರಡು ಸಂಹಿತೆಗಳಲ್ಲಿ ಅಡಕಗೊಳಿಸಲಾಗಿದೆ. ಇವು 2025ರ ನವೆಂಬರ್ 21ರಂದು ಜಾರಿಗೆ ಬಂದವು.

* ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ದಿನಕ್ಕೆ 8 ಗಂಟೆಗಳ ಮಿತಿ, ರಾತ್ರಿ ಪಾಳಿಯ ರಜೆಯ ಲೆಕ್ಕ, ಒಂದರ ಮೇಲೊಂದು ಹಾಯುವ ಪಾಳಿಗಳ ನಿಷೇಧ, ಕೆಲಸದ ಅವಧಿಗಳ ಸೂಚನೆ ಇವುಗಳನ್ನು ಒಳಗೊಂಡಿದೆ. ಪ್ರತಿ ಉದ್ಯೋಗಿಗೂ ನೇಮಕಾತಿ ಪತ್ರ ನೀಡುವುದನ್ನು ಕಡ್ಡಾಯಗೊಳಿಸಿದೆ. ಸೂಚನೆಯ ನಮೂನೆಯನ್ನು ನಿಯಮಗಳಿಗೆ ಬಿಟ್ಟಿದೆ.
* ಕೈಗಾರಿಕಾ ಸಂಬಂಧಗಳ ಸಂಹಿತೆಯು 21 ದಿನಗಳ ಸೂಚನೆಯನ್ನು ಉಳಿಸಿಕೊಂಡಿದೆ. ಆದರೆ ತುರ್ತು ಪರಿಸ್ಥಿತಿಯಲ್ಲಿ, ಕುಂದುಕೊರತೆ ನಿವಾರಣಾ ಸಮಿತಿಯೊಡನೆ ಸಮಾಲೋಚಿಸಿ ಸೂಚನೆಯಿಲ್ಲದೆ ಪಾಳಿ ಬದಲಿಸಲು ಅವಕಾಶವಿದೆ. ಸ್ಥಾಯಿ ಆದೇಶಗಳ ಅಧ್ಯಾಯವು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಅದಕ್ಕಿಂತ ಚಿಕ್ಕ ಸಂಸ್ಥೆಗಳಲ್ಲಿ ಸರದಿಯ ವಿವರಗಳಿಗೆ ನೇಮಕಾತಿ ಪತ್ರ ಮತ್ತು ಒಪ್ಪಂದಗಳೇ ಮುಖ್ಯವಾಗುತ್ತವೆ.

## ಅಂತರರಾಷ್ಟ್ರೀಯ ಮಾನದಂಡಗಳು

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಒಡಂಬಡಿಕೆ (1919) ಕೈಗಾರಿಕೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿ ವಿಧಿಸಿತು. ಮೂರು ವಾರ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಸರಾಸರಿ ಈ ಮಿತಿಯೊಳಗಿದ್ದರೆ ಪಾಳಿ ಕಾರ್ಮಿಕರ ಕೆಲಸ ಕೆಲವು ದಿನ ಅಥವಾ ಕೆಲವು ವಾರ ಇದನ್ನು ಮೀರಬಹುದು ಎಂದಿತು. ಯುರೋಪಿಯನ್ ಒಕ್ಕೂಟದ 2003ರ ಕೆಲಸದ ಸಮಯದ ನಿರ್ದೇಶನವು ಕಾರ್ಮಿಕರು ಒಂದೇ ಕೆಲಸದ ಸ್ಥಾನದಲ್ಲಿ ನಿರ್ದಿಷ್ಟ ಕ್ರಮದಂತೆ ಒಬ್ಬರ ನಂತರ ಒಬ್ಬರು ಬರುವ ವ್ಯವಸ್ಥೆಯನ್ನು ಪಾಳಿ ಕೆಲಸವೆಂದು ವ್ಯಾಖ್ಯಾನಿಸುತ್ತದೆ. ಸರದಿ ಕ್ರಮವೂ ಅದರಲ್ಲಿ ಸೇರಿದೆ. ಪ್ರತಿ 24 ಗಂಟೆಗಳಲ್ಲಿ ಸತತ 11 ಗಂಟೆಗಳ ವಿಶ್ರಾಂತಿ ಅದರ ಸಾಮಾನ್ಯ ನಿಯಮ. ಕೆಲಸದ ಕ್ರಮ ಊಹಿಸಬಹುದಾದುದಾದರೆ ಪಾಳಿ ಬದಲಾವಣೆಯ ವ್ಯವಸ್ಥೆಯನ್ನು ಕಾರ್ಮಿಕರಿಗೆ ಬರಹದಲ್ಲಿ ತಿಳಿಸಬೇಕೆಂದು 2019ರ ಇನ್ನೊಂದು ನಿರ್ದೇಶನ ಹೇಳುತ್ತದೆ.

## ಇವನ್ನೂ ನೋಡಿ

* ಕಾರ್ಖಾನೆಗಳ ಕಾಯಿದೆ, 1948
* ಸ್ಥಾಯಿ ಆದೇಶಗಳು
* ಕಾರ್ಮಿಕ ಸಂಘ
* ಎಂಟು ಗಂಟೆಗಳ ದುಡಿಮೆ
* ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ